ಹದಿನೇಳು ಒಂದುಗಳ ಸಂಖ್ಯೆ ಅವಿಭಾಜ್ಯವಲ್ಲ

ಮಾನ್ಯ ಸಂಪಾದಕರೇ,

ಗದಗ, ಹಾವೇರಿ ಭಾಗದ ಪ್ರೌಢಶಾಲೆಗಳಲ್ಲಿ ಈಗ ಕೈಯಿಂದ ಕೈಗೆ ಹೋಗುತ್ತಿರುವ ಒಂದು ಗಣಿತ ರಸಪ್ರಶ್ನೆ ಅಭ್ಯಾಸ ಹಾಳೆಯಲ್ಲಿ ಹೀಗೊಂದು ಪ್ರಶ್ನೆ ಇದೆ: ‘ಹದಿನೇಳು ಒಂದುಗಳನ್ನು ಸಾಲಾಗಿ ಬರೆದರೆ ಬರುವ ಸಂಖ್ಯೆ ಅವಿಭಾಜ್ಯವೋ, ಸಂಯುಕ್ತವೋ? ಕಾರಣ ಕೊಡಿ.’ ಹಿಂಬದಿಗೆ ಉತ್ತರ: ‘ಅವಿಭಾಜ್ಯ. 2, 3, 5, 7, 11, 13 ಯಾವುದರಿಂದಲೂ ಶೇಷವಿಲ್ಲದೆ ಭಾಗವಾಗುವುದಿಲ್ಲ. ಒಂದುಗಳ ಎಣಿಕೆಯಾದ 17 ಕೂಡ ಅವಿಭಾಜ್ಯ.’ ಹಾಳೆ ತಯಾರಿಸಿದವರ ಹೆಸರು ಇಲ್ಲಿ ಬೇಡ. ಉತ್ತರ ಮಾತ್ರ ತಪ್ಪು. ಸಂಖ್ಯೆ ಸಂಯುಕ್ತ, ಅದರ ಅಪವರ್ತನಗಳು ಇವು:

2071723 × 5363222357 = 11 11111 11111 11111

ಅಂಕಿಗಳನ್ನು ಐದೈದರ ಗುಂಪು ಮಾಡಿಯೇ ಅಚ್ಚು ಹಾಕಬೇಕೆಂದು ಕೋರುತ್ತೇವೆ. ಒಂದು ‘1’ ಬಿಟ್ಟುಹೋಗಿ ಹದಿನಾರಾದರೆ ಸಂಖ್ಯೆ 11ರಿಂದ ಭಾಗವಾಗುತ್ತದೆ, ಒಂದು ಹೆಚ್ಚಾಗಿ ಹದಿನೆಂಟಾದರೆ 3ರಿಂದ ಭಾಗವಾಗುತ್ತದೆ. ಎರಡೂ ಕಡೆ ಲೆಕ್ಕವೇ ಬೇರೆಯಾಗುತ್ತದೆ.

ಹಾಳೆಯಲ್ಲಿ ಕೊಟ್ಟ ಎರಡೂ ಕಾರಣಗಳು ಬಿಡಿಯಾಗಿ ನಿಜ. ಅವುಗಳಿಂದ ಎಳೆದ ತೀರ್ಮಾನ ನಿಲ್ಲುವುದಿಲ್ಲ. ಮಕ್ಕಳ ತಲೆಯಲ್ಲಿ ಉಳಿಯುವುದು ಉತ್ತರಕ್ಕಿಂತ ಕಾರಣ. ಅದಕ್ಕಾಗಿಯೇ ಇದನ್ನು ಬಿಡಿಸಿ ಬರೆಯುತ್ತಿದ್ದೇವೆ.

ಮೊದಲ ಕಾರಣ ನೋಡಿ. 13ರವರೆಗೆ ಭಾಗಿಸಿ ನಿಲ್ಲಿಸಿದರೆ 13ರೊಳಗೆ ಭಾಜಕ ಇಲ್ಲ ಅನ್ನುವುದಷ್ಟೇ ಗೊತ್ತಾಗುತ್ತದೆ. ಅವಿಭಾಜ್ಯ ಎಂದು ಹೇಳಬೇಕಾದರೆ ವರ್ಗಮೂಲದವರೆಗೆ ಹೋಗಬೇಕು. ಈ ಸಂಖ್ಯೆಯ ವರ್ಗಮೂಲ ಸುಮಾರು 10,54,09,255. ಬರೀ 10 ಕೋಟಿಯೊಳಗೇ 57,61,455 ಅವಿಭಾಜ್ಯಗಳಿವೆ. ನಿಮಿಷಕ್ಕೊಂದರಂತೆ ಹಗಲು-ರಾತ್ರಿ ಭಾಗಿಸಿದರೂ ಹನ್ನೊಂದು ವರ್ಷದ ಕೆಲಸ. ಉತ್ತರ ಬರೆದವರು ನೋಡಿದ್ದು ಆರು ಅವಿಭಾಜ್ಯಗಳನ್ನು.

ಆ ಆರನ್ನು ನೋಡುವುದಕ್ಕೂ ಉದ್ದನೆಯ ಭಾಗಾಕಾರ ಬೇಕಾಗಿರಲಿಲ್ಲ. 111111 ಅಂದರೆ 3 × 7 × 11 × 13 × 37. ಹದಿನೇಳು ಒಂದುಗಳಿಂದ ಆರಾರು ಒಂದುಗಳ ಎರಡು ಗುಂಪು ತೆಗೆದರೆ ಐದು ಒಂದುಗಳು ಉಳಿಯುತ್ತವೆ. ಹಾಗಾಗಿ 3, 7, 11, 13, 37 ಇವುಗಳಲ್ಲಿ ಯಾವುದಾದರೂ ನಮ್ಮ ಸಂಖ್ಯೆಯನ್ನು ಭಾಗಿಸಬೇಕಾದರೆ 11111ನ್ನೂ ಭಾಗಿಸಲೇಬೇಕು. 11111 ಎಂದರೆ 41 × 271, ಅದರಲ್ಲಿ ಇವು ಯಾವುವೂ ಇಲ್ಲ. ಸರಿ, 41 ಮತ್ತು 271ರ ಕಥೆಯೇನು? ಐದೈದರ ಮೂರು ಗುಂಪು ತೆಗೆದರೆ 11 ಉಳಿಯುತ್ತದೆ, ಅದನ್ನು ಇವೆರಡೂ ಭಾಗಿಸುವುದಿಲ್ಲ. ಮಹತ್ತಮ ಸಾಮಾನ್ಯ ಅಪವರ್ತನ (ಮ.ಸಾ.ಅ.) ಕಂಡುಹಿಡಿಯುವ ಯೂಕ್ಲಿಡ್‌ನ ವಿಧಾನವೇ ಇದು, ಒಂದುಗಳ ಎಣಿಕೆಯ ಮೇಲೆ ನಡೆಸಿದ್ದು ಅಷ್ಟೇ. ಎರಡು ಇಂಥ ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನವೂ ಬರೀ ಒಂದುಗಳ ಸಂಖ್ಯೆಯೇ, ಮತ್ತು ಅದರ ಉದ್ದ ಎರಡು ಎಣಿಕೆಗಳ ಮ.ಸಾ.ಅ. 17 ಅವಿಭಾಜ್ಯವಾದ್ದರಿಂದ ನಮ್ಮ ಸಂಖ್ಯೆಗೆ ತನಗಿಂತ ಚಿಕ್ಕದಾದ ಯಾವ ಒಂದುಗಳ ಸಾಲಿನ ಜೊತೆಗೂ ಸಾಮಾನ್ಯ ಅಪವರ್ತನ ಇಲ್ಲ. ಅಂದರೆ ಅದರ ಅಪವರ್ತನಗಳು ಪೂರ್ತಿ ಹೊಸವು.

ಎರಡನೇ ಕಾರಣದ ಎಡವಟ್ಟು ಇಲ್ಲೇ. ಒಂದುಗಳ ಎಣಿಕೆ ಸಂಯುಕ್ತವಾಗಿದ್ದರೆ ಸಂಖ್ಯೆ ಖಂಡಿತ ಸಂಯುಕ್ತ: 111111 ಅನ್ನು 111 × 1001 ಎಂದೂ 11 × 10101 ಎಂದೂ ಕತ್ತರಿಸಬಹುದು. ಎಣಿಕೆ ಅವಿಭಾಜ್ಯವಾಗಿದ್ದರೆ ಹಾಗೆ ಕತ್ತರಿಸಲು ಬರುವುದಿಲ್ಲ, ನಿಜ. ಬೇರೆ ದಾರಿಯಿಂದ ಒಡೆಯಬಹುದಲ್ಲ! 111 = 3 × 37, 11111 = 41 × 271, 1111111 = 239 × 4649. ಹನ್ನೊಂದು, ಹದಿಮೂರು ಒಂದುಗಳೂ ಸಂಯುಕ್ತವೇ. ಎರಡು ಒಂದುಗಳ 11 ಬಿಟ್ಟರೆ ಮುಂದಿನ ಅವಿಭಾಜ್ಯ ಸಿಗುವುದು ಹತ್ತೊಂಬತ್ತು ಒಂದುಗಳಲ್ಲಿ, ಅದರ ನಂತರ ಇಪ್ಪತ್ಮೂರರಲ್ಲಿ, ಆಮೇಲೆ ಒಮ್ಮೆಲೇ 317ರಲ್ಲಿ, ಅದಾದ ಮೇಲೆ 1031ರಲ್ಲಿ. 1031 ಒಂದುಗಳ ಸಂಖ್ಯೆ ಅವಿಭಾಜ್ಯವೆಂದು ಹ್ಯೂ ವಿಲಿಯಮ್ಸ್ ಮತ್ತು ಹಾರ್ವೆ ಡಬ್ನರ್ ಸಾಧಿಸಿದ್ದು 1986ರಲ್ಲಿ. ಇಷ್ಟು ವಿರಳವಾದುದನ್ನು ಹಾಳೆಯ ಹಿಂಬದಿಗೆ ಒಂದೇ ಸಾಲಿನಲ್ಲಿ ಘೋಷಿಸುವುದು ಸರಿಯಲ್ಲ.

ನಾವು ಹೇಳಿದ್ದನ್ನೂ ಯಾರೂ ಹಾಗೇ ನಂಬಬೇಕಾಗಿಲ್ಲ. ಅಂಗಡಿಯಲ್ಲಿ ಇಟ್ಟಿರುವ ಎಂಟಂಕಿಯ ಕ್ಯಾಲ್ಕುಲೇಟರಿಗೆ ಹದಿನೇಳು ಅಂಕಿ ಹಿಡಿಸುವುದಿಲ್ಲ, ಆದರೂ ತಾಳೆ ನೋಡಬಹುದು. ಮೊದಲು 2071723ರ ಮಗ್ಗಿ ಬರೆದುಕೊಳ್ಳಿ: 2071723, 4143446, 6215169, 8286892, 10358615, 12430338, 14502061. ಇಲ್ಲಿ ಏಳರ ಆಚೆ ಬೇಕಾಗುವುದಿಲ್ಲ. ಈಗ ಎಂಟು ಒಂದುಗಳಿಂದ ಶುರು ಮಾಡಿ ಮಗ್ಗಿಯಲ್ಲಿ ಹಿಡಿಸುವಷ್ಟನ್ನು ಕಳೆಯಿರಿ. ಉಳಿದ ಶೇಷದ ಬಲಕ್ಕೆ ಒಂದು ‘1’ ಇಳಿಸಿ, ಮತ್ತೆ ಕಳೆಯಿರಿ:

11111111 − 10358615 (5 ಸಲ) = 752496
7524961 − 6215169 (3 ಸಲ) = 1309792
13097921 − 12430338 (6 ಸಲ) = 667583
6675831 − 6215169 (3 ಸಲ) = 460662
4606621 − 4143446 (2 ಸಲ) = 463175
4631751 − 4143446 (2 ಸಲ) = 488305
4883051 − 4143446 (2 ಸಲ) = 739605
7396051 − 6215169 (3 ಸಲ) = 1180882
11808821 − 10358615 (5 ಸಲ) = 1450206
14502061 − 14502061 (7 ಸಲ) = 0

ಶುರುವಿಗೆ ಎಂಟು ಒಂದು, ಆಮೇಲೆ ಇಳಿಸಿದ್ದು ಒಂಬತ್ತು, ಒಟ್ಟು ಹದಿನೇಳು. ಕೊನೆಗೆ ಶೇಷ ಸೊನ್ನೆ. ಕಂಸದೊಳಗಿನ ಅಂಕಿಗಳನ್ನು ಮೇಲಿನಿಂದ ಕೆಳಗೆ ಓದಿ: 5, 3, 6, 3, 2, 2, 2, 3, 5, 7. ಎರಡನೇ ಅಪವರ್ತನ 5363222357 ತಾನಾಗಿ ಬಂದಿದೆ. ಹಳೆಯ ಭಾಗಾಕಾರಕ್ಕಿಂತ ಇದರಲ್ಲಿ ಬೇರೇನೂ ಇಲ್ಲ. ಎಲ್ಲಿಯೂ ಎಂಟಂಕಿ ಮೀರುವುದಿಲ್ಲ ಅನ್ನುವುದೇ ಅನುಕೂಲ.

ಮಕ್ಕಳು ಇದರಲ್ಲಿ ಎಡವುವುದು ಎರಡು ಕಡೆ. ಶೇಷವು ಭಾಜಕಕ್ಕಿಂತ ದೊಡ್ಡದಾಗಿ ಉಳಿದದ್ದನ್ನು ಗಮನಿಸದೆ ಮುಂದಿನ ‘1’ ಇಳಿಸುವುದು ಒಂದು. ಕಳೆಯುವಾಗ ದಶಕ ತಪ್ಪುವುದು ಇನ್ನೊಂದು. ಒಂದು ಸಾಲು ತಪ್ಪಿದರೆ ಕೆಳಗಿನ ಎಲ್ಲಾ ಸಾಲೂ ಹಾಳು, ಸೊನ್ನೆ ಬರುವುದಿಲ್ಲ, ಹುಡುಗ ‘ಭಾಗ ಹೋಗಲಿಲ್ಲ, ಅವಿಭಾಜ್ಯ’ ಎಂದು ಬರೆದುಬಿಡುತ್ತಾನೆ. ಅದಕ್ಕೆ ಪ್ರತಿ ಸಾಲಿಗೂ ಒಂಬತ್ತರ ತಾಳೆ ಹಾಕಿಸಿ. ಮೊದಲ ಸಾಲಿನಲ್ಲಿ ಎಂಟು ಒಂದುಗಳ ಮೊತ್ತ 8. 10358615ರ ಅಂಕಿಗಳ ಮೊತ್ತ 29, ಕೂಡಿಸಿದರೆ 11, ಅಂದರೆ 2. 8ರಲ್ಲಿ 2 ಹೋದರೆ 6. ಶೇಷ 752496ರ ಮೊತ್ತ 33, ಅಂದರೆ 6. ತಾಳೆಯಾಯಿತು. ಅಂಕಿಗಳು ಅದಲು-ಬದಲಾಗಿದ್ದರೆ ಈ ತಾಳೆ ಹಿಡಿಯುವುದಿಲ್ಲ ಎಂಬುದನ್ನೂ ಹೇಳಿಕೊಡಬೇಕು.

ಇನ್ನು 2071723 ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇದೇ ಈ ಲೆಕ್ಕದ ತಿರುಳು. ನಮ್ಮ ಸಂಖ್ಯೆಯನ್ನು 9ರಿಂದ ಗುಣಿಸಿದರೆ ಹದಿನೇಳು ಒಂಬತ್ತುಗಳು, ಅಂದರೆ 10ರ 17ನೇ ಘಾತಕ್ಕೆ ಒಂದು ಕಡಿಮೆ. ಆದ್ದರಿಂದ ಅದನ್ನು ಭಾಗಿಸುವ ಯಾವ ಅವಿಭಾಜ್ಯದಿಂದ 10ರ 17ನೇ ಘಾತವನ್ನು ಭಾಗಿಸಿದರೂ ಶೇಷ 1 ಬರುತ್ತದೆ. ಮೊದಲ ಸಲ ಶೇಷ 1 ಕೊಡುವ ಘಾತ 17ರ ಅಪವರ್ತನವಾಗಿರಬೇಕು: 1 ಅಥವಾ 17. 1 ಆದರೆ ಆ ಅವಿಭಾಜ್ಯ 9ನ್ನು ಭಾಗಿಸಬೇಕು, ಅಂದರೆ 3. ಅಂಕಿಗಳ ಮೊತ್ತ 17, ಹಾಗಾಗಿ 3 ಆಗದು. ಉಳಿದದ್ದು 17. ಫರ್ಮಾನ ಕಿರು ಪ್ರಮೇಯದ ಪ್ರಕಾರ ಅವಿಭಾಜ್ಯದಲ್ಲಿ ಒಂದು ಕಳೆದ ಘಾತವೂ ಶೇಷ 1 ಕೊಡುತ್ತದೆ. ಹಾಗಿದ್ದರೆ ಅವಿಭಾಜ್ಯದಲ್ಲಿ ಒಂದು ಕಳೆದರೆ ಬರುವ ಸಂಖ್ಯೆ 17ರಿಂದ ಭಾಗವಾಗಲೇಬೇಕು. ಅದು ಸಮಸಂಖ್ಯೆ ಕೂಡ. ಆದ್ದರಿಂದ 34ರಿಂದ ಭಾಗವಾಗಬೇಕು.

ಅಲ್ಲಿಗೆ ಹುಡುಕಾಟ 35, 69, 103, 137 ಎಂದು ಮೂವತ್ನಾಲ್ಕರ ಹೆಜ್ಜೆಯಲ್ಲಿ ನಡೆಯುತ್ತದೆ. 2071723 ಎಂದರೆ 34 × 60933 + 1, ಅಂದರೆ 60,933ನೇ ಹೆಜ್ಜೆಯಲ್ಲಿ ಸಿಗುತ್ತದೆ. ಅದರಲ್ಲೂ ಸುಮಾರು ಅರ್ಧ ಬಿಟ್ಟುಬಿಡಬಹುದು: 10ರ 17ನೇ ಘಾತದ ಶೇಷ 1 ಆದರೆ 18ನೇ ಘಾತದ ಶೇಷ 10, ಮತ್ತು 18ನೇ ಘಾತ ಒಂದು ವರ್ಗ. ಹೀಗಾಗಿ ಆ ಅವಿಭಾಜ್ಯದ ಲೆಕ್ಕದಲ್ಲಿ 10 ವರ್ಗಸಂಖ್ಯೆಯಾಗುತ್ತದೆ, ಅಂದರೆ ಒಂದು ವರ್ಗದ ಶೇಷವಾಗುತ್ತದೆ. ಹಾಗಾಗುವುದು ಅವಿಭಾಜ್ಯವನ್ನು 40ರಿಂದ ಭಾಗಿಸಿದಾಗ ಶೇಷ 1, 3, 9, 13, 27, 31, 37, 39 ಇವುಗಳಲ್ಲಿ ಒಂದಾಗಿದ್ದರೆ ಮಾತ್ರ. 2071723ಕ್ಕೆ ಆ ಶೇಷ 3, 5363222357ಕ್ಕೆ 37.

ಈ ಜರಡಿಯ ಬಲ ಕೈಯಲ್ಲೇ ನೋಡಬೇಕಾದರೆ ಏಳು ಒಂದುಗಳನ್ನು ತೆಗೆದುಕೊಳ್ಳಿ. ಅಲ್ಲಿ ಹೆಜ್ಜೆ ಹದಿನಾಲ್ಕರದು. 14ರಿಂದ ಭಾಗಿಸಿದರೆ ಶೇಷ 1 ಬರುವ ಅವಿಭಾಜ್ಯಗಳು: 29, 43, 71, 113, 127, 197, 211, 239. ನಲವತ್ತರ ಜರಡಿ ಹಿಡಿದರೆ 29, 113, 127, 211 ಕೆಳಗೆ ಬೀಳುತ್ತವೆ. ಉಳಿದದ್ದು 43, 71, 197, 239. ಮೂರು ಭಾಗಾಕಾರ ಸೋತು ನಾಲ್ಕನೆಯದಕ್ಕೆ 239 × 4649 ಸಿಗುತ್ತದೆ. 4649 ಮತ್ತೆ ಒಡೆಯುತ್ತದೆಯೇ? ಅದರ ವರ್ಗಮೂಲ 68ರ ಆಸುಪಾಸು. ಅಷ್ಟರೊಳಗಿನ ಅಭ್ಯರ್ಥಿಗಳು 29 ಮತ್ತು 43 ಮಾತ್ರ, ಎರಡೂ ಆಗಲೇ ಬಿದ್ದಿವೆ. ಆದ್ದರಿಂದ 4649 ಅವಿಭಾಜ್ಯ. ಇದೇ ತರ್ಕದಿಂದ 5363222357ರ ವರ್ಗಮೂಲ ಸುಮಾರು 73,234. ಅದಕ್ಕಿಂತ ಬಹಳ ಮುಂದೆ, 2071723ರವರೆಗೆ, ಹುಡುಕಾಟ ಖಾಲಿ ಕೈಯಲ್ಲಿ ನಡೆದು ಬಂದಿದೆ. ಹಾಗಾಗಿ ಅದನ್ನು ಬೇರೆಯಾಗಿ ಪರೀಕ್ಷಿಸಬೇಕಾಗಿಲ್ಲ.

ಇದರಿಂದ ಒಂದು ಸೊಗಸಾದ ಸಂಗತಿ ಹೊರಬೀಳುತ್ತದೆ. 1ನ್ನು 41ರಿಂದ ಭಾಗಿಸಿದರೆ 0.02439 02439... ಎಂದು ಐದಂಕಿಗೊಮ್ಮೆ ಮರುಕಳಿಸುತ್ತದೆ. 271ರಿಂದ ಭಾಗಿಸಿದರೆ 0.00369 00369... ಅದೂ ಐದಂಕಿಗೊಮ್ಮೆ. 1ನ್ನು 2071723ರಿಂದ ಭಾಗಿಸಿದರೆ 00000048269001213 ಎಂಬ ಹದಿನೇಳು ಅಂಕಿಗಳು ಮತ್ತೆ ಮತ್ತೆ ಬರುತ್ತವೆ, ಏಕೆಂದರೆ 48269001213 ಅಂದರೆ 9 × 5363222357. ಹದಿನೇಳು ಅಂಕಿಗೊಮ್ಮೆ ದಶಮಾಂಶ ಮರುಕಳಿಸುವ ಅವಿಭಾಜ್ಯಗಳು ಇಡೀ ಸಂಖ್ಯಾಲೋಕದಲ್ಲಿ ಈ ಎರಡೇ. ಹಾಳೆಯಲ್ಲಿ ಇದನ್ನು ಕೇಳಿದ್ದರೆ ಎಷ್ಟು ಚೆಂದದ ಪ್ರಶ್ನೆಯಾಗುತ್ತಿತ್ತು!

ಕಂಪ್ಯೂಟರಿನಲ್ಲಿ ನೋಡಿದೆವು, ಬೇರೆ ಉತ್ತರ ಬಂತು ಎನ್ನುವವರಿಗೆ ಒಂದು ಮಾತು. ಎಕ್ಸೆಲ್ ಒಂದು ಸಂಖ್ಯೆಯ ಮೊದಲ ಹದಿನೈದು ಅಂಕಿಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಹದಿನೇಳು ಒಂದು ಹೊಡೆದರೆ ಕೊನೆಯ ಎರಡು ಸೊನ್ನೆಯಾಗಿ 11111111111111100 ಕೂರುತ್ತದೆ. ಜಾವಾಸ್ಕ್ರಿಪ್ಟ್ ಇದನ್ನು 11111111111111112 ಮಾಡುತ್ತದೆ. ಅಲ್ಲಿ ಸಂಖ್ಯೆ ಇಡುವ ಜಾಗದಲ್ಲಿ 9007199254740992ರ ಆಚೆಗೆ ಬೆಸಸಂಖ್ಯೆಗೆ ಸ್ಥಳವೇ ಇಲ್ಲ. ಪೈಥಾನ್ ಪೂರ್ಣಾಂಕವನ್ನು ಎಷ್ಟು ಉದ್ದವಿದ್ದರೂ ಸರಿಯಾಗಿ ಇಟ್ಟುಕೊಳ್ಳುತ್ತದೆ. ಆದರೆ ಭಾಗಾಕಾರಕ್ಕೆ ಒಂದೇ ಓರೆಗೆರೆ ಹಾಕಿ 2ರಿಂದ ಭಾಗಿಸಿದರೆ 5555555555555556.0 ಎಂದು ತೋರಿಸುತ್ತದೆ, ಬೆಸಸಂಖ್ಯೆ ಎರಡರಿಂದ ಸರಿಯಾಗಿ ಭಾಗವಾದ ಹಾಗೆ! ಶೇಷ ಕೊಡುವ ಶೇಕಡಾ ಚಿಹ್ನೆಯನ್ನೇ ಬಳಸಬೇಕು. 35ರಿಂದ ಶುರು ಮಾಡಿ 34 ಕೂಡಿಸುತ್ತ ಹೋಗಿ, ಪ್ರತಿ ಸಲ ಶೇಷ ಸೊನ್ನೆಯೇ ಎಂದು ಕೇಳುವ ನಾಲ್ಕು ಸಾಲಿನ ಪ್ರೋಗ್ರಾಂ ಸಾಕು. ಶಾಲೆಯ ಹಳೆಯ ಕಂಪ್ಯೂಟರ್ ಕೂಡ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಕೊಡುತ್ತದೆ.

ಭಾಜಕ ಸಿಗದೆಯೂ ಸಂಖ್ಯೆ ಸಂಯುಕ್ತ ಎಂದು ಹೇಳುವ ಉಪಾಯವೂ ಇದೆ, ಅದರಲ್ಲೂ ಒಂದು ಗುಂಡಿ ಇದೆ. 91 ಅವಿಭಾಜ್ಯವಾಗಿದ್ದರೆ, ಮೇಲೆ ಹೇಳಿದ ಫರ್ಮಾನ ಪ್ರಮೇಯದಂತೆ, 2ರ 90ನೇ ಘಾತವನ್ನು 91ರಿಂದ ಭಾಗಿಸಿದಾಗ ಶೇಷ 1 ಬರಬೇಕಿತ್ತು. 2ರ 12ನೇ ಘಾತ 4096, ಅದರ ಶೇಷ 1, ಆದ್ದರಿಂದ 90ನೇ ಘಾತದ ಶೇಷ 2ರ 6ನೇ ಘಾತ, ಅಂದರೆ 64. ಅಲ್ಲಿಗೆ 7 × 13 ಎಂಬ ಮಾತೇ ಎತ್ತದೆ 91 ಸಂಯುಕ್ತ ಎಂದು ಗೊತ್ತಾಯಿತು. ಇದನ್ನೇ 3 ಹಿಡಿದು ಮಾಡಿದರೆ ಶೇಷ 1 ಬಂದು ಮೋಸ ಹೋಗುತ್ತೇವೆ. ನಮ್ಮ ಹದಿನೇಳು ಒಂದುಗಳಿಗೆ 10 ಹಿಡಿದರೂ ಅದೇ ಮೋಸ. ನಮ್ಮ ಸಂಖ್ಯೆಯಲ್ಲಿ ಒಂದು ಕಳೆದರೆ ಹದಿನಾರು ಒಂದುಗಳ ಮುಂದೊಂದು ಸೊನ್ನೆ. ಹದಿನಾರು ಒಂದುಗಳು 17 × 65359477124183. ಆದ್ದರಿಂದ ಒಂದು ಕಳೆದ ಆ ಸಂಖ್ಯೆ 17ರ ಗುಣಕ, 10ರ ಅಷ್ಟನೇ ಘಾತ ಶೇಷ 1 ಕೊಟ್ಟೇ ಕೊಡುತ್ತದೆ. ಒಂದುಗಳ ಸಾಲನ್ನು 10ರಿಂದ ಪರೀಕ್ಷಿಸಬಾರದು, 2 ಅಥವಾ 3 ಹಿಡಿಯಬೇಕು.

ಸಂಯುಕ್ತ ಎಂದು ತಿಳಿಯುವುದು ಬೇರೆ, ಒಡೆಯುವುದು ಬೇರೆ ಅನ್ನುವುದಕ್ಕೆ ದೊಡ್ಡ ಉದಾಹರಣೆ 2ರ 67ನೇ ಘಾತಕ್ಕಿಂತ ಒಂದು ಕಡಿಮೆಯ ಸಂಖ್ಯೆ, 147573952589676412927. ಫ್ರಾನ್ಸಿನ ಗಣಿತಜ್ಞ ಮರ್ಸೆನ್ 1644ರಲ್ಲಿ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದ. 1876ರಲ್ಲಿ ಅದೇ ದೇಶದ ಗಣಿತಜ್ಞ ಲೂಕಾಸ್ ಸಂಯುಕ್ತವೆಂದು ತೋರಿಸಿದ, ಅಪವರ್ತನ ಸಿಕ್ಕಿರಲಿಲ್ಲ. 1903ರ ಅಕ್ಟೋಬರಿನಲ್ಲಿ ಅಮೆರಿಕದ ಫ್ರಾಂಕ್ ನೆಲ್ಸನ್ ಕೋಲ್ 193707721 × 761838257287 ಎಂದು ಒಡೆದು ತೋರಿಸಿದ. ಇಲ್ಲೂ ನಮ್ಮದೇ ನಿಯಮ: ಎರಡೂ ಅಪವರ್ತನಗಳಲ್ಲಿ ಒಂದು ಕಳೆದರೆ 134ರಿಂದ, ಅಂದರೆ 67ರ ಎರಡರಷ್ಟರಿಂದ, ಭಾಗವಾಗುತ್ತವೆ. ಮರ್ಸೆನ್‌ನಂಥವನೂ ತಪ್ಪಿದ ಕಡೆ ಒಂದು ಅಭ್ಯಾಸ ಹಾಳೆ ತಪ್ಪುವುದು ಅವಮಾನವೇನಲ್ಲ. ತಿದ್ದದೆ ಬಿಡುವುದು ಮಾತ್ರ ಸರಿಯಲ್ಲ.

ಒಂದುಗಳ ಸಾಲಿನ ಮೋಹ ನಮ್ಮ ನಾಡಿಗೆ ಹೊಸದೂ ಅಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ತನ್ನ ಗಣಿತಸಾರಸಂಗ್ರಹದಲ್ಲಿ ಗುಣಾಕಾರ ಕಲಿಸಲು ಇಂಥವನ್ನೇ ಆರಿಸಿಕೊಂಡ, ಕೊರಳಹಾರಕ್ಕೆ ಹೋಲಿಸಿದ: 152207 × 73 ಎಂದರೆ ಎಂಟು ಒಂದುಗಳು, 12345679 × 9 ಎಂದರೆ ಒಂಬತ್ತು ಒಂದುಗಳು. ಎಂಟು ಒಂದುಗಳ ಗುಟ್ಟು ಬಿಚ್ಚುವುದು ಸುಲಭ. 1111 × 10001, ಅದರಲ್ಲಿ 1111 = 11 × 101, 10001 = 73 × 137. ಆಗಿನ ಪುಲಿಗೆರೆ, ಈಗಿನ ನಮ್ಮ ಲಕ್ಷ್ಮೇಶ್ವರ, ಅದೇ ರಾಷ್ಟ್ರಕೂಟರ ಆಳ್ವಿಕೆಯಲ್ಲಿತ್ತು. ಈ ಸೀಮೆಯ ಮಕ್ಕಳಿಗೆ ಈ ಲೆಕ್ಕ ಹೇಳಿಕೊಡುವಾಗ ಮಹಾವೀರನ ಹೆಸರು ಬರಬೇಕು.

ಹಾಳೆ ಹಂಚಿದವರಲ್ಲಿ ನಮ್ಮ ವಿನಂತಿ ಇಷ್ಟು. ಉತ್ತರವನ್ನು ‘ಸಂಯುಕ್ತ’ ಎಂದು ತಿದ್ದಿ ಮತ್ತೆ ಕಳಿಸಿ. ‘ಇಷ್ಟು ಪರೀಕ್ಷೆಯಿಂದ ಹೇಳಲಾಗದು’ ಎಂದು ಬರೆದ ಮಕ್ಕಳಿಗೆ ಪೂರ್ತಿ ಅಂಕ ಕೊಡಿ, ಅವರು ಬರೆದದ್ದು ಉತ್ತರಪಟ್ಟಿಗಿಂತ ಸರಿ. ಸ್ಪರ್ಧೆಗೆ ಹದಿನೇಳರ ಬದಲು ಏಳು ಒಂದುಗಳನ್ನು ಕೊಟ್ಟು, ಅಪವರ್ತನವು 14ರ ಗುಣಕಕ್ಕಿಂತ ಒಂದು ಹೆಚ್ಚಿರಬೇಕು ಎಂಬ ಸುಳಿವು ಸೇರಿಸಿ, ನಲವತ್ತರ ಜರಡಿ ಹೇಳದೆ ಬಿಡಿ. ಎಂಟು ಭಾಗಾಕಾರದಲ್ಲಿ ಮುಗಿಯುತ್ತದೆ, ಹತ್ತು ಹದಿನೈದು ನಿಮಿಷದ ಕೆಲಸ. ಹದಿನೇಳನ್ನು ತರಗತಿಗೆ ಇಟ್ಟುಕೊಳ್ಳಿ. ಮೇಲಿನ ಹತ್ತು ಸಾಲುಗಳನ್ನು ತಮ್ಮ ವಿದ್ಯಾರ್ಥಿ ಪುಟದಲ್ಲಿ ಒಂದರ ಕೆಳಗೊಂದು ಬರುವಂತೆ ಅಚ್ಚು ಹಾಕಿದರೆ ಶಿಕ್ಷಕರು ಕತ್ತರಿಸಿ ಗೋಡೆಗೆ ಅಂಟಿಸಲು ಅನುಕೂಲವಾಗುತ್ತದೆ.

ಇಂತಿ,
ಗದಗ ಮತ್ತು ಹಾವೇರಿ ಜಿಲ್ಲೆಗಳ ಕೆಲವು ಗಣಿತ ಶಿಕ್ಷಕರು